'ಸಿಸ್ಟರ್' ಎಂದು ಕರೆದ ಮೇಲೆ

ಊರಿನಿಂದ ದೂರವಿರುವ ನಮ್ಮ ಮನೆಗಳಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಬಂಧುಬಳಗ ರೈಲು ಹಿಡಿದು ಬರುವ ಮೊದಲೇ ರೋಗಿಯ ಪಕ್ಕದಲ್ಲಿ ನಿಲ್ಲುವವರು ದಾದಿಯರು. ಪರಭಾಷೆಯ ವಾರ್ಡಿನಲ್ಲಿ ಕಂಗಾಲಾದ ನಮ್ಮ ತಾಯಂದಿರಿಗೆ ಕೈಸನ್ನೆಯಲ್ಲೇ ನೋವೆಲ್ಲಿ ಎಂದು ಕೇಳುವವರು, ನಡುರಾತ್ರಿ ಹೊರಗಿನ ಬೆಂಚಿನ ಮೇಲೆ ಕುಳಿತ ನಮಗೆ ಜ್ವರ ಇಳಿದಿದೆಯೆಂದು ತಾವಾಗಿ ಬಂದು ಹೇಳುವವರು ಅವರೇ. ನಾವು ಅವರನ್ನು 'ಸಿಸ್ಟರ್' ಎನ್ನುತ್ತೇವೆ. ಬಿಲ್ಲು ಕಟ್ಟಿ ಮನೆಗೆ ಹೊರಡುವಾಗ ಅವರ ಹೆಸರೂ ನಮಗೆ ತಿಳಿದಿರುವುದಿಲ್ಲ.

ಇಂಥ ಕರುಣೆಯ ಬೆಲೆಯೇನೆಂದು ಅರಿಯಲು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯನ್ನು ನೆನೆಯಬೇಕು. ಉತ್ತರ ಕನ್ನಡದ ಹಳದೀಪುರದಿಂದ ಬಂದು ಅಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋಗಿದ್ದಾಗ ಆಸ್ಪತ್ರೆಯ ನೌಕರನೊಬ್ಬನ ಪೈಶಾಚಿಕ ಹಲ್ಲೆಗೆ ಗುರಿಯಾದರು. ಮಿದುಳಿಗೆ ಆಘಾತವಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಉಳಿದರು. ಅವರನ್ನು ಮೀಯಿಸಿ, ಉಣ್ಣಿಸಿ ನೋಡಿಕೊಂಡವರು ಅಲ್ಲಿನ ದಾದಿಯರು. ಆ ನಾಲ್ಕು ದಶಕಗಳಲ್ಲಿ ಹಳಬರು ನಿವೃತ್ತರಾದರು, ಹೊಸಬರು ಬಂದರು. ಆರೈಕೆ ಮಾತ್ರ ನಿಲ್ಲಲಿಲ್ಲ.

ಹಾಸಿಗೆ ಹಿಡಿದ ಹಿರಿಯರ ಸೇವೆ ಮಾಡಿದವರಿಗೆ ಗೊತ್ತು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ, ಒದ್ದೆಯಾದ ಬಟ್ಟೆಯನ್ನು ಕೂಡಲೇ ತೆಗೆಯದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅಷ್ಟು ವರ್ಷಗಳಲ್ಲಿ ಅರುಣಾ ಅವರಿಗೆ ಅಂಥ ಒಂದು ಹುಣ್ಣೂ ಆಗಿಲ್ಲವೆಂದು ಆಸ್ಪತ್ರೆಯು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತ್ತು. ದಯಾಮರಣದ ಅರ್ಜಿಯನ್ನು 2011ರ ಮಾರ್ಚ್ 7ರಂದು ತಳ್ಳಿಹಾಕಿದಾಗ, ಅವರ ಪರವಾಗಿ ಮಾತನಾಡುವ ಹಕ್ಕು ಕೆ.ಇ.ಎಂ. ಸಿಬ್ಬಂದಿಯದೆಂದು ನ್ಯಾಯಾಲಯ ಒಪ್ಪಿಕೊಂಡಿತು. ಆರೈಕೆ ಮಾಡಿದವರೇ ಬಂಧುಗಳೆಂಬ ಮಾತಿಗೆ ಕಾನೂನಿನ ಮುದ್ರೆ ಬಿದ್ದದ್ದು ಹೀಗೆ.

ಆದರೆ ಇದನ್ನು 'ತ್ಯಾಗ' ಎಂದು ಹೊಗಳಿ ನಾವು ಕೈತೊಳೆದುಕೊಳ್ಳುವುದು ಸಲ್ಲದು. ಆ ಹಲ್ಲೆಯ ಬಳಿಕ ಮುಂಬಯಿಯ ದಾದಿಯರು ತಮ್ಮ ಗೆಳತಿಗೂ ತಮಗೂ ಒಳ್ಳೆಯ ವ್ಯವಸ್ಥೆ ಬೇಕೆಂದು ಮುಷ್ಕರ ಹೂಡಿದ್ದರು. ಎಂಬತ್ತರ ದಶಕದಲ್ಲಿ ಅರುಣಾ ಅವರನ್ನು ಬೇರೆಡೆಗೆ ಸಾಗಿಸುವ ಯತ್ನ ನಡೆದಾಗ ಪ್ರತಿಭಟಿಸಿ ತಡೆದರು. ಉಣ್ಣಿಸಿದ ಕೈಗಳೇ ಹಕ್ಕಿಗಾಗಿ ಮೇಲೆದ್ದವು. ಮೊದಲನೆಯದನ್ನು ಕೊಂಡಾಡುವ ನಾವು ಎರಡನೆಯದನ್ನು ಮರೆಯುತ್ತೇವೆ.

ಒಂದು ಒಳ್ಳೆಯ ಮಾತನಾಡಲೂ ಹೊತ್ತು ಬೇಕು. ಇಡೀ ವಾರ್ಡಿಗೆ ಒಬ್ಬರೇ ಓಡಾಡುತ್ತಿರುವಾಗ, ಕರೆದ ಕೂಡಲೇ ಬರಲಿಲ್ಲವೆಂದು ಸಿಡುಕುವವರು ನಾವೇ. ಮೇ 12ರ ದಾದಿಯರ ದಿನದಂದು ಹಾರ ತುರಾಯಿಗಳಿಗಿಂತ ಅವರಿಗೆ ಬೇಕಾದದ್ದು ಖಾಲಿ ಹುದ್ದೆಗಳಿಗೆ ನೇಮಕ, ರಾತ್ರಿ ಪಾಳಿಗೆ ರಕ್ಷಣೆ, ನಿರ್ಭಯವಾಗಿ ಬಟ್ಟೆ ಬದಲಿಸಲು ಒಂದು ಕೋಣೆ. ಅದಕ್ಕಾಗಿ ಅವರು ದನಿಯೆತ್ತಿದಾಗ ರೋಗಿಗಳ ಮನೆಯವರಾದ ನಾವೂ ಜೊತೆಗೆ ನಿಲ್ಲಬೇಕು. ಸೋದರಿ ಎಂದು ಕರೆದ ಮೇಲೆ ಅಷ್ಟಾದರೂ ಋಣ ನಮ್ಮ ಮೇಲಿದೆ.