ತಪ್ಪು ಹಿಡಿಯದ ಕೇಳುಗರು

‘ಎದ್ದು ನಿಂತು ಓದು’ ಎಂದೊಡನೆ ದನಿ ಉಡುಗಿಹೋಗುವ ಮಗು ಮಲೆನಾಡಿನ ಪ್ರತಿ ಶಾಲೆಯಲ್ಲೂ ಇರುತ್ತದೆ. ‘ರಾಷ್ಟ್ರ’ ಎಂಬಲ್ಲಿ ಒತ್ತಕ್ಷರ ತೊಡರುತ್ತದೆ, ಹಿಂದಿನ ಸಾಲಿನಲ್ಲಿ ನಗು ಏಳುತ್ತದೆ, ಅಲ್ಲಿಗೆ ಓದು ಮುಗಿಯುತ್ತದೆ. ಅದೇ ಮಗು ಸಂಜೆ ಕೊಟ್ಟಿಗೆಯಲ್ಲಿ ಕರುವಿನ ಗಂಗೆದೊಗಲನ್ನು ತುರಿಸುತ್ತ ಅರ್ಧ ಗಂಟೆ ನಿರರ್ಗಳವಾಗಿ ಮಾತನಾಡಬಲ್ಲದು. ಇದು ದಡ್ಡತನವಲ್ಲ, ನಾಚಿಕೆ. ಈ ವ್ಯತ್ಯಾಸವನ್ನು ಅರಿಯದೆ ಹಾಕಿಕೊಂಡ ಓದಿನ ಯೋಜನೆಗಳೆಲ್ಲ ಮಗುವಿಗೆ ಮತ್ತಷ್ಟು ಪರೀಕ್ಷೆಗಳನ್ನೇ ಕೊಟ್ಟಿವೆ.

ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಅರ್ಧದಷ್ಟೂ ಇಲ್ಲವೆಂದು 2024ರ ಅಸರ್ ಸಮೀಕ್ಷೆ ತಿಳಿಸಿದೆ. ಉಳಿದ ಮಕ್ಕಳಲ್ಲಿ ಅಕ್ಷರ ಬಾರದವರೂ ಇದ್ದಾರೆ, ಅಕ್ಷರ ಬಂದರೂ ಬಾಯಿ ಬಿಡಲು ಅಂಜುವವರೂ ಇದ್ದಾರೆ. ಮೊದಲನೆಯವರಿಗೆ ಬೇಕಾದವರು ಶಿಕ್ಷಕರು. ಎರಡನೆಯವರಿಗೆ ಅದರ ಜೊತೆಗೆ ಇನ್ನೊಂದು ಬೇಕು: ತಪ್ಪು ಹಿಡಿಯದ ಕಿವಿ.

ಇಂಗ್ಲೆಂಡಿನಲ್ಲಿ ಶಾಲಾ ಶಿಕ್ಷಕರಾಗಿದ್ದ ಮೈಕೆಲ್ ಮೊರ್ಪುರ್ಗೊ ಮತ್ತು ಅವರ ಪತ್ನಿ ಕ್ಲೇರ್ 1976ರಲ್ಲಿ ಡೆವನ್ ಪ್ರಾಂತ್ಯದ ನೆದರ್‌ಕಾಟ್ ಎಂಬಲ್ಲಿ ನಗರದ ಮಕ್ಕಳಿಗಾಗಿ ಒಂದು ಕೃಷಿಕ್ಷೇತ್ರವನ್ನು ತೆರೆದರು. ಕ್ಲೇರ್ ಅವರು ಪೆಂಗ್ವಿನ್ ಪ್ರಕಾಶನದ ಸ್ಥಾಪಕ ಅಲೆನ್ ಲೇನ್ ಅವರ ಮಗಳು. ಪುಸ್ತಕದಿಂದ ಬಂದ ಹಣ ಸಗಣಿ ಬಾಚುವ ಶಾಲೆಗೆ ಸಂದದ್ದು ಸೊಗಸಾದ ಸಂಗತಿಯೇ ಸರಿ. ಮಕ್ಕಳು ಅಲ್ಲಿ ವಾರದ ಕಾಲ ತಂಗಿ ದನ, ಕುರಿ, ಹಂದಿಗಳ ಚಾಕರಿ ಮಾಡುತ್ತಾರೆ. ಒಮ್ಮೆ ಬರ್ಮಿಂಗ್‌ಹ್ಯಾಮಿನಿಂದ ಬಂದ ಹುಡುಗನೊಬ್ಬನಿಗೆ ವಿಪರೀತ ಉಗ್ಗು. ಅವನು ಶಾಲೆಯಲ್ಲಿ ಬಾಯಿ ತೆರೆದವನೇ ಅಲ್ಲ. ಅವನನ್ನು ಏನನ್ನೂ ಕೇಳಬೇಡಿ ಎಂದು ಶಿಕ್ಷಕರು ಮೊದಲೇ ಎಚ್ಚರಿಸಿದ್ದರು. ಒಂದು ಸಂಜೆ ಆ ಹುಡುಗ ಲಾಯದ ಬಾಗಿಲಲ್ಲಿ ನಿಂತು ಹೀಬಿ ಎಂಬ ಕುದುರೆಗೆ ತನ್ನ ದಿನಚರಿಯನ್ನೆಲ್ಲ ತಡವರಿಸದೆ ಹೇಳುತ್ತಿದ್ದ. ಕುದುರೆ ತಲೆ ಚಾಚಿ ಕೇಳುತ್ತಿತ್ತು. ಅದನ್ನು ಮರೆಯಲ್ಲಿ ಕಂಡ ಮೊರ್ಪುರ್ಗೊ ಅವರಿಗೆ ಕುದುರೆಯ ಬಾಯಿಂದಲೇ ಕಥೆ ಹೇಳಿಸುವ ಧೈರ್ಯ ಬಂದಿತು. 1982ರಲ್ಲಿ ಪ್ರಕಟವಾದ ‘ವಾರ್ ಹಾರ್ಸ್’ ಕಾದಂಬರಿಯ ಹಿನ್ನೆಲೆಯಲ್ಲಿ ಈ ಪ್ರಸಂಗವಿದೆ.

ಅದು ಮಾತಿನ ಪ್ರಸಂಗ, ಓದಿನದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಓದಿನಲ್ಲೂ ಇದೇ ತತ್ವವನ್ನು ಬಳಸಿದ್ದಾರೆ. ಅಮೆರಿಕದ ಸಾಲ್ಟ್ ಲೇಕ್ ನಗರದಲ್ಲಿ 1999ರಿಂದ ಮಕ್ಕಳು ತರಬೇತಿ ಪಡೆದ ನಾಯಿಗಳ ಪಕ್ಕದಲ್ಲಿ ಕುಳಿತು ಪುಸ್ತಕ ಓದುವ ಕ್ರಮ ಆರಂಭವಾಯಿತು. ನಾಯಿಗೆ ಕಥೆ ತಿಳಿಯುವುದಿಲ್ಲ. ಮಗುವಿಗೂ ಅದು ಗೊತ್ತು. ಆದರೂ ತಡವರಿಸಿದಲ್ಲಿ ಯಾರೂ ನಗಲಿಲ್ಲ, ಮುಂದಿನ ಪದವನ್ನು ಯಾರೂ ಬಾಯಿಂದ ಕಿತ್ತುಕೊಳ್ಳಲಿಲ್ಲ ಎಂಬುದಷ್ಟೇ ಸಾಕಾಗುತ್ತದೆ. ಇನ್ನು ದನದ ಪಾಲಿಗೂ ಇದು ನಷ್ಟವಲ್ಲ. ಮೈ ಸವರುತ್ತ ಮೆಲುದನಿಯಲ್ಲಿ ಮಾತನಾಡಿದರೆ ಕಡಸುಗಳು ನಿರಾಳವಾಗುತ್ತವೆ, ಧ್ವನಿಮುದ್ರಿಕೆಗಿಂತ ಎದುರಿಗಿರುವ ಮನುಷ್ಯನ ದನಿಗೇ ಹೆಚ್ಚು ಒಲಿಯುತ್ತವೆ ಎಂದು ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ್ದಾರೆ. ಹಾಲು ಕರೆಯುವಾಗ ಹಾಡಿಕೊಳ್ಳುವ ಅಜ್ಜಿಯಂದಿರಿಗೆ ಇದು ಹೊಸ ಸುದ್ದಿಯೇನಲ್ಲ.

ವಿದೇಶದವರು ಹಣ ತೆತ್ತು ಕಟ್ಟಿಕೊಂಡ ಈ ವ್ಯವಸ್ಥೆ ಮಲೆನಾಡಿನ ಮನೆಗಳಲ್ಲಿ ತಾನಾಗಿಯೇ ಇತ್ತು. ಮಲೆನಾಡ ಗಿಡ್ಡದ ಎತ್ತರ ಎಂಟು ವರ್ಷದ ಮಗುವಿನ ಭುಜಕ್ಕೆ ಸರಿಹೊಂದುವಂಥದ್ದು. ಯಲ್ಲಾಪುರ, ಮುಂಡಗೋಡ, ಹಳಿಯಾಳಗಳ ಗೌಳಿ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಅವರ ಮನೆಮಾತು ಮರಾಠಿಗೆ ಹತ್ತಿರ, ಶಾಲೆಯ ಪುಸ್ತಕ ಕನ್ನಡ. ತರಗತಿಯಲ್ಲಿ ಅಪರಿಚಿತ ನುಡಿಗೆ ಅಂಜುವ ಆ ಮಗು ಎಮ್ಮೆಗಳ ನಡುವೆ ಯಾರಿಗೂ ಅಂಜುವುದಿಲ್ಲ. ಪುಸ್ತಕವನ್ನು ಅಲ್ಲಿಗೇ ಒಯ್ದರೆ ತಪ್ಪೇನು?

ಇದಕ್ಕೆ ಅನುದಾನ ಬೇಡ. ಕರೆದು ಮುಗಿದ ಮೇಲೆ ದನ ಮೆಲುಕು ಹಾಕುವ ಹೊತ್ತು, ಒಂದು ದೀಪ, ಒಂದು ಮಣೆ, ಮಗುವಿನ ತರಗತಿಗಿಂತ ಒಂದು ಮೆಟ್ಟಿಲು ಸುಲಭದ ಪುಸ್ತಕ, ಇಪ್ಪತ್ತು ನಿಮಿಷ. ಹಿರಿಯರು ಅಲ್ಲಿ ನಿಂತು ತಿದ್ದಬಾರದು. ಬಹುಶಃ ಇದೇ ಎಲ್ಲಕ್ಕಿಂತ ಕಷ್ಟದ ಷರತ್ತು. ಶಾಲೆಯಲ್ಲಿ ಶಿಕ್ಷಕರು ಅಕ್ಷರ ತಿದ್ದುವ ಕೆಲಸ ಎಂದಿನಂತೆ ನಡೆಯಲೇಬೇಕು. ಹಸುವಿಗೆ ಓದಿದ ಮಾತ್ರಕ್ಕೆ ಮಹಾಪ್ರಾಣ ಸರಿಹೋಗುವುದಿಲ್ಲ.

ಆದರೆ ಕೊಟ್ಟಿಗೆಗಳೇ ಬರಿದಾಗುತ್ತಿವೆ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದ ನಾಟಿ ದನಗಳ ಸಂಖ್ಯೆ ಶೇಕಡ 6ರಷ್ಟು ಇಳಿಯಿತು. ಗೋಮಾಳ ಒತ್ತುವರಿಯಾಯಿತು, ಮೇಯಿಸುವವರಿಲ್ಲ, ಪ್ಯಾಕೆಟ್ ಹಾಲು ಬಾಗಿಲಿಗೇ ಬರುತ್ತದೆ ಎಂಬ ಕಾರಣಗಳು ಎಲ್ಲರಿಗೂ ತಿಳಿದಿವೆ. ದನ ಮಾರುವಾಗ ಮನೆಯವರು ಹಾಲಿನ ಲೆಕ್ಕ, ಗೊಬ್ಬರದ ಲೆಕ್ಕ ಹಾಕುತ್ತಾರೆ. ಮಗುವಿನ ಲೆಕ್ಕ ಹಾಕಿದವರು ವಿರಳ. ದನವಿಲ್ಲದ ಮನೆಗಳಲ್ಲಿ ಆಡು, ಕೋಳಿಗಳೂ ಸಾಕು. ನೆರೆಮನೆಯ ಕೊಟ್ಟಿಗೆಯಾದರೂ ಆದೀತು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕರು ಹಾಕಿದ ಹೊಸತರಲ್ಲಿ ತಾಯಿಯ ಬಳಿ ಮಕ್ಕಳನ್ನು ಬಿಡಬಾರದು, ಹೋರಿಯ ಬಳಿ ಎಂದೂ ಬಿಡಬಾರದು. 1957ರಲ್ಲಿ ಸೊರಬ ಸೀಮೆಯಲ್ಲಿ ಪತ್ತೆಯಾದ ಕ್ಯಾಸನೂರು ಕಾಡಿನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗುಗಳು ಕಾಡಿನಲ್ಲಿ ಮೇದು ಬರುವ ದನಗಳ ಮೈಗೂ ಹತ್ತುತ್ತವೆ. ಕಾಯಿಲೆ ಕಾಣಿಸಿಕೊಂಡಿರುವ ಊರುಗಳಲ್ಲಿ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಮಕ್ಕಳು ಕಟ್ಟಿ ಮೇಯಿಸುವ ದನಗಳ ಕೊಟ್ಟಿಗೆಯಲ್ಲಷ್ಟೇ ಓದಲಿ, ಒಣ ತರಗೆಲೆಯ ಹಾಸಿನ ಮೇಲೆ ಕೂರದಿರಲಿ. ಎದ್ದ ಮೇಲೆ ಅವರ ಕೈಕಾಲು, ಕತ್ತು, ಕಿವಿಯ ಹಿಂಬದಿಗಳನ್ನು ಮನೆಯವರು ದೀಪದ ಬೆಳಕಿನಲ್ಲಿ ನೋಡಲಿ.