ಹೊಲದ ಜೇಡಗಳನ್ನು ಎಣಿಸುವವರಾರು?

ಭೌತವಿಜ್ಞಾನದ ಅಧ್ಯಾಪಕನೊಬ್ಬನು ಜೇಡಗಳ ವಿಷಯವಾಗಿ ಬರೆಯಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಎಣಿಕೆ, ಅಳತೆಗಳಿಲ್ಲದೆ ಯಾವ ವಿಜ್ಞಾನವೂ ಮುಂದುವರಿಯದು. ನರೇಗಲ್ಲಿನ ಸುತ್ತಣ ಎರೆ ಹೊಲಗಳಲ್ಲಿ ಈಗ ಆಗಬೇಕಾಗಿರುವುದು ಜೇಡಗಳ ಎಣಿಕೆಯೇ. ಆ ಕೆಲಸವನ್ನು ಇಲ್ಲಿಯ ವಿದ್ಯಾರ್ಥಿಗಳೇ ಕೈಗೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಜೇಡವೆಂದೊಡನೆ ನಮಗೆ ಬಲೆಯೂ, ಬಲೆಯೆಂದೊಡನೆ ಕಸಬರಿಗೆಯೂ ನೆನಪಾಗುತ್ತವೆ. ಆದರೆ ಬಲೆಯನ್ನೇ ಹೆಣೆಯದೆ ಬೇಟೆಯಾಡುವ ಜೇಡಗಳು ಹೇರಳವಾಗಿವೆ. ತೋಳಜೇಡವು ನೆಲದ ಮೇಲೆ ಓಡಾಡಿ ಹುಳುಗಳನ್ನು ಹಿಡಿಯುತ್ತದೆ. ತಾಯಿಜೇಡವು ಮೊಟ್ಟೆಗಳ ಗಂಟನ್ನು ಹಿಂಬದಿಗೆ ಅಂಟಿಸಿಕೊಂಡು, ಮರಿಗಳು ಹೊರಬಂದ ಮೇಲೆ ಅವನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ. ಇದನ್ನು ಹುಡುಕಲು ಕತ್ತಲೆಯೇ ಅನುಕೂಲ. ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಹೊಲದ ಬದುವಿನ ಮೇಲೆ ಬೆಳಕು ಬಿಡಿರಿ. ಹಸುರು ಚುಕ್ಕೆಗಳು ಮಿನುಗುವುವು. ಜೇಡದ ಕಣ್ಣಿನ ಹಿಂಭಾಗದಲ್ಲಿರುವ ಪದರವೊಂದು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವುದು ಇದಕ್ಕೆ ಕಾರಣ. ಟಾರ್ಚನ್ನು ಸೊಂಟದ ಬಳಿ ಹಿಡಿದವನಿಗೆ ಅವು ಕಾಣುವುದೇ ಅಪರೂಪ. ಇಬ್ಬನಿಯೂ ಹೊಳೆಯುವುದರಿಂದ ಹತ್ತಿರ ಹೋಗಿ ನೋಡದೆ ಲೆಕ್ಕಕ್ಕೆ ಸೇರಿಸಕೂಡದು. ಕಾಲಿಗೆ ಬೂಟು, ಜೊತೆಗೆ ಹಿರಿಯರೊಬ್ಬರು ಇರಲಿ. ಎರೆಯ ಬಿರುಕುಗಳಲ್ಲಿ ಹಾವುಗಳೂ ಇರುತ್ತವೆ.

ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಆಹಾರವನ್ನು ತಿನ್ನುತ್ತವೆಂದು ನೈಫೆಲರ್ ಮತ್ತು ಬಿರ್ಕ್‌ಹೋಫರ್ ಎಂಬ ವಿಜ್ಞಾನಿಗಳು 2017ರಲ್ಲಿ ಅಂದಾಜು ಮಾಡಿದರು. ಇದರಲ್ಲಿ ಬಹುಪಾಲು ಕೀಟಗಳೇ. ಜೇಡವೇನೂ ರೈತನ ಸಂಬಳದ ಆಳಲ್ಲ. ಸಿಕ್ಕಿದರೆ ಜೇನುನೊಣವನ್ನೂ ಬಿಡದು. ಆದರೂ ಹತ್ತಿಗೆ ನಮ್ಮವರು ‘ಎಣ್ಣೆ ಹೊಡೆದಾಗ’ ಸಸ್ಯಹೇನಿನೊಡನೆ ಅದನ್ನು ತಿನ್ನುವ ಜೇಡವೂ ಸಾಯುತ್ತದೆ. ಹೇನಿನ ಹೊಸ ಪೀಳಿಗೆ ಒಂದೆರಡು ವಾರಗಳಲ್ಲಿ ಸಿದ್ಧವಾಗುತ್ತದೆ. ಜೇಡ ಬೆಳೆದು ದೊಡ್ಡದಾಗಲು ತಿಂಗಳುಗಳೇ ಬೇಕು. ಈ ಅಂತರದಲ್ಲಿ ನಷ್ಟವನ್ನು ತೆರುವವನು ರೈತ. ನಮ್ಮ ಬದುಗಳಲ್ಲಿ ಎಷ್ಟು ಜೇಡಗಳಿದ್ದುವೆಂಬುದನ್ನು ಮೊದಲೇ ಬರೆದಿಡದಿದ್ದರೆ, ಎಷ್ಟು ಹೋದುವೆಂದು ಹೇಳುವ ಬಗೆ ಯಾವುದು?

ಜಾತಿಯ ಹೆಸರಿನ ಗೋಜು ಆರಂಭದಲ್ಲಿ ಬೇಡ. ಜಗತ್ತಿನಲ್ಲಿ ಹೆಸರಿಸಲ್ಪಟ್ಟ ಜೇಡಗಳೇ 50,000ಕ್ಕೂ ಹೆಚ್ಚು. ಬಿ. ಕೆ. ಟಿಕಾದಾರರು 1987ರಲ್ಲಿ ಭಾರತೀಯ ಜೇಡಗಳ ಕೈಪಿಡಿಯನ್ನು ರಚಿಸಿದ್ದಾರೆ. ಆದರೂ ಅನೇಕ ಜಾತಿಗಳನ್ನು ಸೂಕ್ಷ್ಮದರ್ಶಕವಿಲ್ಲದೆ ನಿರ್ಧರಿಸಲಾಗದು. ಛಾಯಾಚಿತ್ರವೊಂದನ್ನು ನೋಡಿ ‘ಹೊಸ ಜಾತಿ’ ಎಂದು ಸಾರುವ ಆತುರ ನನಗೆ ಹಿಡಿಸದು. ತೋಳಜೇಡ, ನೆಗೆಜೇಡ, ಚಕ್ರಬಲೆಯ ಜೇಡ ಎಂದು ಕುಟುಂಬವಾರು ಎಣಿಸಿದರೆ ಸಾಕು. ಎಣ್ಣೆ ಹೊಡೆದ ಹೊಲವೊಂದು, ಹೊಡೆಯದ ಹೊಲವೊಂದು. ಹಿಂಗಾರಿ ಬಿತ್ತನೆಯಿಂದ ಜೋಳ, ಕಡಲೆಗಳ ಕೊಯ್ಲಿನವರೆಗೆ ಹದಿನೈದು ದಿನಕ್ಕೊಮ್ಮೆ, ಅದೇ ಬದು, ಅದೇ ಹೊತ್ತು, ಅಷ್ಟೇ ಹೆಜ್ಜೆ. ಒಂದೂ ಜೇಡ ಕಾಣದ ರಾತ್ರಿ ಪುಟವನ್ನು ಖಾಲಿ ಬಿಡದೆ ಸೊನ್ನೆಯನ್ನು ಬರೆಯತಕ್ಕದ್ದು.