ಬಿಟ್ಟಿ ಬ್ರೌಸರಿನ ಖರ್ಚು ಯಾರದು?

ಹುಬ್ಬಳ್ಳಿಯ ಝೆರಾಕ್ಸ್ ಅಂಗಡಿಗಳಲ್ಲಿ ಉತಾರ ತೆಗೆಸಲು, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ನಿಂತವರು ಸರ್ವರ್‌ಗೆ ಶಾಪ ಹಾಕುವುದುಂಟು. ಬ್ರೌಸರಿನ ಸುದ್ದಿ ಯಾರೂ ಎತ್ತುವುದಿಲ್ಲ. ಅದಕ್ಕೆ ಅಂಗಡಿಯವರೂ ಅರ್ಜಿದಾರರೂ ಪೈಸೆ ಕೊಟ್ಟವರಲ್ಲ. ಹಾಗಾದರೆ ಅದನ್ನು ಕಟ್ಟುವ ಎಂಜಿನಿಯರುಗಳ ಸಂಬಳ ಎಲ್ಲಿಂದ ಬರುತ್ತದೆ?

ಹುಡುಕಾಟದಿಂದ. ಬ್ರೌಸರ್, ಫೋನುಗಳಲ್ಲಿ ತನ್ನ ಸರ್ಚ್ ಸೇವೆಯೇ ಮೊದಲು ತೆರೆದುಕೊಳ್ಳಲಿ ಎಂದು ಗೂಗಲ್ 2021ರಲ್ಲಿ ಇತರ ಕಂಪನಿಗಳಿಗೆ ಕೊಟ್ಟದ್ದು 2,630 ಕೋಟಿ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ₹2 ಲಕ್ಷ ಕೋಟಿ. ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾದ ಆದಾಯದಲ್ಲಿ ಸುಮಾರು ಮುಕ್ಕಾಲು ಪಾಲು ಇಂಥ ಒಪ್ಪಂದಗಳದ್ದೇ, ಅದರಲ್ಲೂ ಮುಖ್ಯವಾಗಿ ಗೂಗಲ್‌ನದ್ದು. ಕ್ರೋಮ್‌ನ ಎದುರಾಳಿಗೆ ಕ್ರೋಮ್‌ನ ಒಡೆಯನೇ ಅನ್ನದಾತ! ಸರ್ಚ್‌ನಲ್ಲಿ ಗೂಗಲ್‌ನದು ಅಕ್ರಮ ಏಕಸ್ವಾಮ್ಯವೆಂದು 2024ರ ಆಗಸ್ಟ್‌ನಲ್ಲಿ ತೀರ್ಪಿತ್ತ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಕೂಡ 2025ರ ಸೆಪ್ಟೆಂಬರ್‌ನಲ್ಲಿ ಈ ಪಾವತಿಯನ್ನು ಪೂರ್ತಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹಣ ಪಡೆಯುವವರಿಗೇ ಪೆಟ್ಟು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಓಪನ್ ಸೋರ್ಸ್ ಆದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅರ್ಧ ನಿಜ. ಕನ್ನಡಕ್ಕಂತೂ ಅದರಿಂದ ಉಪಕಾರವೇ ಆಗಿದೆ. ಒಂದು ಕಾಲಕ್ಕೆ ಹಲವು ಕನ್ನಡ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಷ್ಟೇ ನೆಟ್ಟಗೆ ಕಾಣುತ್ತಿದ್ದವು. ಇಂದು ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಒತ್ತಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. 'ಸೂರ್ಯ'ದಲ್ಲಿ ಅರ್ಕಾವತ್ತು, 'ರ‍್ಯಾಂಕ್'ನಲ್ಲಿ ರಕಾರದ ಕೆಳಗೆ ಯಕಾರದ ಒತ್ತು; ಇಂಥ ಸೂಕ್ಷ್ಮ ತಪ್ಪಿದರೆ ಕೋಡ್ ತೆರೆದು ತಿದ್ದಲು ಯಾರಿಗೂ ಅಡ್ಡಿಯಿಲ್ಲ.

ಇನ್ನರ್ಧವೇ ತೊಡಕಿನದು. ಕೋಡ್ ಎಲ್ಲರದಾದರೂ ಚುಕ್ಕಾಣಿ ದುಡ್ಡಿದ್ದವರ ಕೈಯಲ್ಲಿ. ಬೆಂಗಳೂರಿನಲ್ಲಿ 2010ರಲ್ಲಿ ಹುಟ್ಟಿದ ಎಪಿಕ್ ಬ್ರೌಸರ್ ಮೊದಲು ಮೊಜಿಲ್ಲಾದ ಕೋಡ್ ಮೇಲೆ ನಿಂತಿತ್ತು, ಆಮೇಲೆ ಕ್ರೋಮ್‌ನ ಬುನಾದಿಯ ಮುಕ್ತ ಕೋಡ್ ಆದ ಗೂಗಲ್‌ನ ಕ್ರೋಮಿಯಂಗೆ ಹೊರಳಿತು. ಕೇಂದ್ರ ಸರ್ಕಾರ 2023ರಲ್ಲಿ ಸಾರಿದ ಸ್ವದೇಶಿ ಬ್ರೌಸರ್ ಸ್ಪರ್ಧೆ ನಡೆಸುವಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಕ್‌ನ ಬೆಂಗಳೂರು ಕೇಂದ್ರವೂ ಪಾಲುದಾರ. 2025ರಲ್ಲಿ ಗೆದ್ದದ್ದು ಜೋಹೊ. ಅದರ 'ಉಲಾ' ಬ್ರೌಸರಿನ ಬುನಾದಿಯೂ ಕ್ರೋಮಿಯಂ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್‌ನಂಥ ಹಳೆಯ ಮಾದರಿಯ ಎಕ್ಸ್‌ಟೆನ್ಷನ್‌ಗಳನ್ನು ಕ್ರೋಮ್ ಹೊರಗಿಟ್ಟಾಗ ಕ್ರೋಮಿಯಂ ನಂಬಿದ ಉಳಿದವರೂ ಫಜೀತಿಗೆ ಬಿದ್ದರು. ಜಾಹೀರಾತಿನಿಂದ ಬದುಕುವ ಕಂಪನಿ ಬೇರೆ ಇನ್ನೇನು ಮಾಡೀತು?

ಆ ಸ್ವದೇಶಿ ಬ್ರೌಸರ್ ಸ್ಪರ್ಧೆಯ ಬಹುಮಾನದ ಒಟ್ಟು ಮೊತ್ತ ₹3.41 ಕೋಟಿ. ಆದರೆ ಬ್ರೌಸರ್ ಒಮ್ಮೆ ಕಟ್ಟಿ ಮುಗಿಸುವ ಕೆಲಸವಲ್ಲ. ಕೆಲವೇ ವಾರಗಳಿಗೊಮ್ಮೆ ಭದ್ರತಾ ಲೋಪ ಮುಚ್ಚುತ್ತಿರಬೇಕು. ಅದಕ್ಕೆ ಬೇಕಾದದ್ದು ವರ್ಷ ವರ್ಷದ ಅನುದಾನ. ಜರ್ಮನಿ 2022ರಲ್ಲೇ ಸಾವರಿನ್ ಟೆಕ್ ಫಂಡ್ ಎಂಬ ನಿಧಿ ತೆರೆದು ಮುಕ್ತ ತಂತ್ರಾಂಶ ನಿಭಾಯಿಸುವವರಿಗೆ ಸರ್ಕಾರಿ ಹಣ ಕೊಡುತ್ತಿದೆ.

ಸರ್ಕಾರದ ಹಣವೆಂದರೆ ಸರ್ಕಾರದ ಕಣ್ಣೂ ಬರುತ್ತದೆ ಎಂಬ ಭಯ ಸುಳ್ಳಲ್ಲ. 2014ರಲ್ಲಿ ಕೇಂದ್ರ ಸರ್ಕಾರದ್ದೇ ಐಟಿ ಸಂಸ್ಥೆಯಾದ ಎನ್‌ಐಸಿಯ ಪ್ರಮಾಣಪತ್ರ ವ್ಯವಸ್ಥೆಯಿಂದಲೇ ಗೂಗಲ್ ಹೆಸರಿನ ಅನಧಿಕೃತ ಡಿಜಿಟಲ್ ಪ್ರಮಾಣಪತ್ರಗಳು (ತಾಣ ಅಸಲಿಯೆಂದು ಬ್ರೌಸರ್ ನಂಬುವುದು ಇವುಗಳಿಂದಲೇ) ಹೊರಬಿದ್ದಿದ್ದವು. ಆದ್ದರಿಂದಲೇ ಸಾರ್ವಜನಿಕ ಹಣ ಬಿದ್ದ ಕೋಡ್ ಸಾರ್ವಜನಿಕರ ಕಣ್ಣಿಗೆ ತೆರೆದಿರಲೇಬೇಕು.

ಈ ಕೆಲಸಕ್ಕೆ ನೆಲೆಯನ್ನು ದೂರ ಹುಡುಕಬೇಕಿಲ್ಲ: ಧಾರವಾಡದಲ್ಲಿ ಐಐಟಿ ಇದೆ, ಐಐಐಟಿಯೂ ಇದೆ. ಇನ್ನೊಂದು ಹೊಸ ಹೆಸರಿನ ಬ್ರೌಸರ್ ಬೇಡ. ಈಗಿರುವ ಮುಕ್ತ ಕೋಡ್‌ನಲ್ಲಿ ಭಾರತೀಯ ಭಾಷೆಗಳ, ಭದ್ರತೆಯ ಕೆಲಸವನ್ನು ಸಂಬಳ ಪಡೆದು ಮಾಡುವ ಕಾಯಂ ತಂಡವೊಂದನ್ನು ರಾಜ್ಯ ಸರ್ಕಾರ ಇಲ್ಲಿ ಕೂರಿಸಲಿ.